ರೇವತಿ ಮಳೆಯಿಂದ ರೋಹಿಣಿ ಮಳೆವರೆಗೆ: ಒಂದು ರೂಟರ್ ಯುಪಿಎಸ್, ಒಂದು ಎವರ್ಟನ್

ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ಹೋದಾಗ ನೆಟ್ ರೂಟರ್‌ಗೆ ಬ್ಯಾಟರಿಯಿಂದ ಕರೆಂಟ್ ಕೊಡುವ ಈ ಪೆಟ್ಟಿಗೆಯನ್ನು ನಾನು ಕೊಂಡಿದ್ದು ಇಂಗ್ಲೆಂಡಿನ ಫುಟ್‌ಬಾಲ್ ತಂಡ ಎವರ್ಟನ್ ಮ್ಯಾಚ್‌ನ ಕೊನೆಯ ಹತ್ತು ನಿಮಿಷ ನೋಡೋದಕ್ಕೆ. ಹಾಗಾಗಿ ಅದೇ ಲೆಕ್ಕದಲ್ಲಿ ಬರೆಯುತ್ತೇನೆ.

ನಮ್ಮನೆ ಮಲೆನಾಡಿನ ಮೇಗರವಳ್ಳಿಯಿಂದ ಒಳಗೆ, ಅಡಿಕೆ ತೋಟದ ಮೇಲೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ತಮ್ಮ ಲಿವರ್‌ಪೂಲ್‌ನಲ್ಲಿ ನರ್ಸ್. ಅವನು ಅಲ್ಲಿಗೆ ಹೋದ ಮೊದಲ ವಾರವೇ ಎವರ್ಟನ್ ತಂಡದ ಮೈದಾನ ಗುಡಿಸನ್ ಪಾರ್ಕ್‌ನ ಫೋಟೋ ಕಳಿಸಿದ್ದ. ಸಾಲು ಮನೆಗಳ ನಡುವೆ ಸ್ಟೇಡಿಯಂ, ಅದರ ಮೂಲೆಗೇ ಅಂಟಿಕೊಂಡ ಹಾಗೆ ಒಂದು ಚರ್ಚ್. 1892ರಿಂದ ಅಲ್ಲೇ ಆಡುತ್ತಿದ್ದರಂತೆ. ನಮ್ಮ ಕಡೆ ಊರ ಮಧ್ಯ ದೇವಸ್ಥಾನ ಇರುತ್ತಲ್ಲ, ಹಾಗೆ ಕಂಡಿತು ನನಗೆ. ಅವತ್ತಿನಿಂದ ಆ ನೀಲಿ ಅಂಗಿಯವರು ನನ್ನವರು.

2022-23ರ ಸೀಸನ್ ನೋಡಿದವರಿಗೆ ಗೊತ್ತು, ಅದು ಎಂಥ ಸಂಕಟ ಅಂತ. ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಕೊನೆಯ 3 ತಂಡ ಕೆಳಗಿನ ಡಿವಿಷನ್‌ಗೆ ಇಳಿಯುತ್ತವೆ. ಎವರ್ಟನ್ 1954ರಿಂದ ಒಂದು ಸಲವೂ ಇಳಿದಿರಲಿಲ್ಲ. ಜನವರಿಯಲ್ಲಿ 20 ಮ್ಯಾಚ್‌ಗೆ ಬರೀ 15 ಪಾಯಿಂಟ್, 19ನೇ ಸ್ಥಾನ. ಕೋಚ್ ಲ್ಯಾಂಪಾರ್ಡ್ ಹೋದರು, ಅವರ ಜಾಗಕ್ಕೆ ಶಾನ್ ಡೈಚ್ ಬಂದರು. ಅವರ ಮೊದಲ ಮ್ಯಾಚ್‌ನಲ್ಲೇ, ಆಗ ಟೇಬಲ್‌ನ ಮೊದಲ ಸ್ಥಾನದಲ್ಲಿದ್ದ ಆರ್ಸೆನಲ್ ವಿರುದ್ಧ 1-0. ಟಾರ್ಕೋವ್‌ಸ್ಕಿ ತಲೆಯಿಂದ ಹೊಡೆದ ಗೋಲ್. ಫೆಬ್ರವರಿಯಲ್ಲಿ ಇಲ್ಲಿ ಮಳೆ ಇಲ್ಲ, ಗುಡುಗಿಲ್ಲ. ಆರಾಮಾಗಿ ನೋಡಿದೆ.

ತೊಂದರೆ ಶುರುವಾಗಿದ್ದು ಏಪ್ರಿಲ್ 3ಕ್ಕೆ, ಟಾಟನ್‌ಹ್ಯಾಮ್ ಮ್ಯಾಚ್ ದಿನ. ನಮ್ಮ ಗಡಿಯಾರದಲ್ಲಿ ರಾತ್ರಿ 12:30ಕ್ಕೆ ಶುರು. ನಮ್ಮ ಡೂಕೂರೆಗೆ ರೆಡ್ ಕಾರ್ಡ್ ಆಯ್ತು. ಅವರ ಕೇನ್ ಪೆನಾಲ್ಟಿ ಹೊಡೆದು 0-1. ಅಷ್ಟು ಹೊತ್ತಿಗೆ ರೇವತಿ ಮಳೆಯ ಮೊದಲ ಗುಡುಗು, ಕರೆಂಟ್ ಹೋಯ್ತು, ರೂಟರ್ ಆರಿತು. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಇರೋದೇ ಒಂದು ಕಡ್ಡಿ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಅದೂ ಇಲ್ಲ. ಸೋತರು ಅಂದುಕೊಂಡೇ ಮಲಗಿದೆ. ಮರುದಿನ ಮೇಗರವಳ್ಳಿ ಬಸ್ ಸ್ಟಾಪಿನಲ್ಲಿ ಫೋನ್ ಟಣ್ ಟಣ್ ಅಂದಿತು. ತಮ್ಮನ ಮೆಸೇಜು: ‘ಅಕ್ಕಾ ನೋಡಿದ್ಯಾ ಕೀನ್ ಗೋಲು!’ 90ನೇ ನಿಮಿಷದಲ್ಲಿ ನಮ್ಮ ಮೈಕಲ್ ಕೀನ್ ಅಷ್ಟು ದೂರದಿಂದ ಹೊಡೆದು 1-1 ಮಾಡಿದ್ದ. ಬಸ್ ಸ್ಟಾಪಿನಲ್ಲಿ ನಿಂತು ಆ ಗೋಲನ್ನು ನಾಲ್ಕು ಸಲ ನೋಡಿದೆ. ಆದರೆ ಆಗೋದನ್ನು ಆಗುವಾಗಲೇ ನೋಡೋದು ಬೇರೆ, ಅಲ್ವಾ?

ಆ ಶನಿವಾರ ಮಧ್ಯಾಹ್ನ ಶಿವಮೊಗ್ಗಕ್ಕೆ ಹೋದೆ. ದುರ್ಗಿಗುಡಿಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಇದು ಸಿಕ್ಕಿತು. 1,400 ರೂಪಾಯಿ. ಬೆಲ್ಲದ ಅಚ್ಚಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಅಂಗಡಿಯ ಹುಡುಗ ದುಡ್ಡು ತಗೊಳ್ಳುವ ಮೊದಲು ಒಂದು ಒಳ್ಳೆ ಕೆಲಸ ಮಾಡಿದ. ‘ಮೇಡಂ, ನಿಮ್ಮ ರೂಟರ್ ಅಡಾಪ್ಟರ್ ಮೇಲೆ ಏನು ಬರೆದಿದೆ, ಫೋಟೋ ಇದ್ರೆ ತೋರ್ಸಿ’ ಅಂದ. ಮನೆಗೆ ಫೋನ್ ಮಾಡಿ ತರಿಸಿಕೊಂಡು ತೋರಿಸಿದೆ: 12 ವೋಲ್ಟ್, 1 ಆಂಪ್. ನೀವೂ ಇದನ್ನು ನೋಡದೆ ಕೊಳ್ಳಬೇಡಿ. 9 ವೋಲ್ಟಿನ ರೂಟರ್‌ಗೆ 12 ವೋಲ್ಟ್ ಕೊಟ್ಟರೆ ರೂಟರೇ ಸುಟ್ಟುಹೋಗಬಹುದು.

ಡಬ್ಬದ ಮೇಲೆ 8,800 ಎಂಎಎಚ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಅಂತ ದೊಡ್ಡದಾಗಿ ಬರೆದಿದೆ. ಅದನ್ನು ನೋಡಿ ದಿನಪೂರ್ತಿ ಬರುತ್ತೆ ಅಂದುಕೊಳ್ಳಬೇಡಿ. ಆ ಸಂಖ್ಯೆ ಒಳಗಿನ ಸೆಲ್‌ನ 3.7 ವೋಲ್ಟಿನ ಲೆಕ್ಕ. ಗುಣಿಸಿದರೆ ಸುಮಾರು 32 ವ್ಯಾಟ್-ಅವರ್. ನಮ್ಮ ರೂಟರ್ ಗಂಟೆಗೆ 9 ವ್ಯಾಟ್-ಅವರ್ ತಿಂದರೂ ಮೂರೂವರೆ ಗಂಟೆ ಬರಬೇಕು. 3.7 ವೋಲ್ಟನ್ನು 12ಕ್ಕೆ ಏರಿಸುವಾಗ ಸ್ವಲ್ಪ ಶಾಖವಾಗಿ ಹೋಗುತ್ತದೆ. ನಾನು ಗಡಿಯಾರ ಇಟ್ಟು ನೋಡಿದೆ: 3 ಗಂಟೆ 5 ನಿಮಿಷ. ಅರ್ಧ ವಿರಾಮ, ಹೆಚ್ಚುವರಿ ನಿಮಿಷ ಎಲ್ಲ ಸೇರಿ ಒಂದು ಮ್ಯಾಚ್‌ಗೆ ಎರಡು ಗಂಟೆ ಸಾಕು.

ಆದರೆ ಇದರ ನಿಜವಾದ ಬೆಲೆ ಗೊತ್ತಾಗಿದ್ದು ಮೂರು ಗಂಟೆ ಕರೆಂಟ್ ಹೋದಾಗ ಅಲ್ಲ, ಮೂರು ಸೆಕೆಂಡ್ ಹೋದಾಗ. ನಮ್ಮ ಕಡೆ ಕರೆಂಟ್ ಕಣ್ಣು ಮಿಟುಕಿಸುತ್ತೆ. ಬಂತು ಅನ್ನೋದರೊಳಗೆ ಹೋಯ್ತು. ಪ್ರತಿ ಸಲವೂ ರೂಟರ್ ಆರಿ, ಮತ್ತೆ ಎದ್ದು ಕೂರೋಕೆ ಮೂರು ನಿಮಿಷ. ಮೇ 1ರ ಲೆಸ್ಟರ್ ಮ್ಯಾಚ್, ಭರಣಿ ಮಳೆ. ಅವರೂ ಇಳಿಯುವ ಭಯದಲ್ಲಿ, ನಾವೂ. ನಾವು 2-1 ಹಿಂದೆ. ಅರ್ಧ ವಿರಾಮಕ್ಕೆ ಮೊದಲು ಅವರಿಗೆ ಪೆನಾಲ್ಟಿ. ಅವರ ಮ್ಯಾಡಿಸನ್ ಚೆಂಡು ಇಡುವಾಗ ಮನೆಯ ದೀಪ ಎರಡು ಸಲ ಹೋಗಿ ಬಂತು. ಫೋನಿನಲ್ಲಿ ಚಿತ್ರ ಒಂದು ಚೂರೂ ಅಲುಗಲಿಲ್ಲ. ನಮ್ಮ ಗೋಲ್‌ಕೀಪರ್ ಪಿಕ್‌ಫರ್ಡ್ ಆ ಕಡೆಗೂ ಹಾರಲಿಲ್ಲ, ಈ ಕಡೆಗೂ ಹಾರಲಿಲ್ಲ. ಮಧ್ಯದಲ್ಲೇ ನಿಂತು ತಡೆದ. ಅದು 3-1 ಆಗಿದ್ದರೆ ಮುಂದೆ ಏನಾಗುತ್ತಿತ್ತೋ. ಕೊನೆಗೆ 2-2. ಆ ಒಂದು ಪಾಯಿಂಟ್ ಸೀಸನ್‌ನ ಕೊನೆಗೆ ಬಂಗಾರವಾಯಿತು.

ಒಂದು ವಾರಕ್ಕೆ ಬ್ರೈಟನ್‌ನಲ್ಲಿ 5-1 ಗೆದ್ದರು. ಅವತ್ತು ಕರೆಂಟೂ ಇತ್ತು, ಪೆಟ್ಟಿಗೆಗೆ ಕೆಲಸ ಇರಲಿಲ್ಲ.

ಇನ್ನೊಂದು ಉಪಯೋಗ ಮಲೆನಾಡಿನವರು ಕೇಳಲೇಬೇಕು. ಗುಡುಗು ಹತ್ತಿರ ಬಂದರೆ ನಾವು ಎಲ್ಲ ಪ್ಲಗ್ ಕಿತ್ತು ಹಾಕುತ್ತೇವಲ್ಲ, ಅವಾಗ ನೆಟ್ಟೂ ಹೋಗುತ್ತಿತ್ತು. ಈಗ ಯುಪಿಎಸ್‌ನ ಪ್ಲಗ್ಗನ್ನೇ ಗೋಡೆಯಿಂದ ಕೀಳುತ್ತೇನೆ. ರೂಟರ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ. ನಮ್ಮ ನೆಟ್ ಬರೋದು ಫೈಬರ್‌ನಲ್ಲಿ. ಅದು ಗಾಜಿನ ಎಳೆ, ಹಳೇ ಫೋನ್ ತಂತಿಯ ಹಾಗೆ ಅದು ಸಿಡಿಲನ್ನು ಒಳಗೆ ತರೋದಿಲ್ಲ. ಹಿಂದೆ ನಮ್ಮ ಎರಡು ಮೋಡೆಮ್ ಸಿಡಿಲಿಗೆ ಸುಟ್ಟಿವೆ. ಇದು ಬಂದ ಮೇಲೆ ಒಂದೂ ಸುಟ್ಟಿಲ್ಲ.

ಕೊರತೆ ಇಲ್ಲ ಅಂತಲ್ಲ. ಅದರ ಹಸಿರು ದೀಪ ತುಂಬಾ ಜಾಸ್ತಿ ಹೊಳೆಯುತ್ತೆ, ರಾತ್ರಿ ಮೇಲೆ ಒಂದು ಬಟ್ಟೆ ಹಾಕೋಣ ಅನ್ನಿಸುತ್ತೆ. ದಯವಿಟ್ಟು ಹಾಕಬೇಡಿ, ಚಾರ್ಜ್ ಆಗುವಾಗ ಬಿಸಿಯಾಗುತ್ತೆ. ದೀಪದ ಮೇಲೆ ಮಾತ್ರ ಒಂದು ಚೂರು ಟೇಪ್ ಅಂಟಿಸಿ. ಬ್ಯಾಟರಿ ಎಷ್ಟು ಉಳಿದಿದೆ ಅಂತ ತೋರಿಸೋದಿಲ್ಲ, ಇದು ನನಗೆ ದೊಡ್ಡ ಕೊರತೆ. ಆಮೇಲೆ, ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೆ ಸಾಲದು. ಫೈಬರ್ ಶುರುವಾಗುವ ಕಡೆಯಲ್ಲೂ ಬ್ಯಾಟರಿ ಇರಬೇಕು. ಮ್ಯಾಂಚೆಸ್ಟರ್ ಸಿಟಿ ಮ್ಯಾಚ್ ದಿನ ನಮ್ಮ ಪೆಟ್ಟಿಗೆ ಹಸಿರಾಗಿ ಉರೀತಿತ್ತು, ನೆಟ್ ಮಾತ್ರ ಇಲ್ಲ. ನೆಟ್ ಕೊಡುವವರ ಕಡೆ ಬ್ಯಾಟರಿ ಕೈಕೊಟ್ಟಿತ್ತು. ಹಾಗಾಗಿ ಕೊಳ್ಳುವ ಮೊದಲು ಅವರನ್ನು ಕೇಳಿ: ಕರೆಂಟ್ ಹೋದಾಗ ನಿಮ್ಮಲ್ಲಿ ಎಷ್ಟು ಹೊತ್ತು ಬರುತ್ತೆ? ಸರಿಯಾದ ಉತ್ತರ ಸಿಗದಿದ್ದರೆ ದುಡ್ಡು ಉಳಿಸಿಕೊಳ್ಳಿ.

ಮೇ 20, ಕೃತ್ತಿಕೆ ಮಳೆ, ವುಲ್ವ್ಸ್ ಮ್ಯಾಚ್. ಸಂಜೆಯಿಂದ ಕತ್ತಲು. 90 ನಿಮಿಷ ಮುಗಿದು, ಇನ್ನೂ 9ನೇ ನಿಮಿಷ. ನಮ್ಮ ಯೆರಿ ಮಿನಾ ಗೋಲ್, 1-1. ನಾನು ಕೂಗಿದ್ದಕ್ಕೆ ಕೊಟ್ಟಿಗೆಯಿಂದ ದನ ಕೂಗಿತು.

ಮೇ 28, ಕೊನೆಯ ದಿನ. ರೋಹಿಣಿ ಮಳೆ ಗಾಳಿ ಸಮೇತ ಹಿಡಿದಿತ್ತು. 9 ಗಂಟೆಗೆ ಮ್ಯಾಚ್. 8:40ಕ್ಕೆ ಎಲ್ಲೋ ಲೈನ್ ಮೇಲೆ ಮರ ಬಿತ್ತು. ಇನ್ನು ಇವತ್ತು ಕರೆಂಟ್ ಬರೋದಿಲ್ಲ ಅಂತ ಗೊತ್ತಾಯಿತು. ಅತ್ತೆ ಲಾಟೀನು ಹಚ್ಚಿಕೊಂಡು ಬಂದು ಪಕ್ಕದಲ್ಲಿ ಕೂತರು. ಎದುರಾಳಿ ಬೋರ್ನ್‌ಮತ್. ಗೆದ್ದರೆ ಉಳೀತೀವಿ. ಗೆಲ್ಲದಿದ್ದರೆ ಲೆಸ್ಟರ್ ಮತ್ತು ಲೀಡ್ಸ್ ಏನು ಮಾಡುತ್ತಾರೋ ಅದರ ಮೇಲೆ. 34ನೇ ನಿಮಿಷಕ್ಕೆ ಆ ಕಡೆ ಲೆಸ್ಟರ್ ಗೋಲ್ ಹೊಡೆಯಿತು. ನಾವು ಕೆಳಗಿನ ಮೂರಕ್ಕೆ ಇಳಿದೆವು. ಅರ್ಧ ವಿರಾಮದಲ್ಲಿ ಅತ್ತೆ ಕೊಟ್ಟ ಕಷಾಯ ಹಾಗೇ ತಣ್ಣಗಾಯಿತು. 57ನೇ ನಿಮಿಷ, ಡೂಕೂರೆ, ಬಾಕ್ಸಿನ ಅಂಚಿನಿಂದ ಚೆಂಡು ನೆಲ ಮುಟ್ಟುವ ಮೊದಲೇ ಒಂದು ಹೊಡೆತ. ಅದೇ ಡೂಕೂರೆ, ಟಾಟನ್‌ಹ್ಯಾಮ್ ದಿನ ರೆಡ್ ಕಾರ್ಡ್ ತಗೊಂಡವನು. ಆಮೇಲೆ ಹತ್ತು ನಿಮಿಷ ಹೆಚ್ಚುವರಿ ಕೊಟ್ಟರು. ‘ಎಂಥ ಮಾರಾಯ್ತಿ, ಇನ್ನೂ ಮುಗೀಲಿಲ್ವಾ?’ ಅಂದರು ಅತ್ತೆ. ಅವರ ಕೈ ನನ್ನ ಕೈ ಮೇಲಿತ್ತು. ನನ್ನ ಕಣ್ಣು ಒಮ್ಮೆ ಫೋನ್ ಮೇಲೆ, ಒಮ್ಮೆ ಆ ಹಸಿರು ದೀಪದ ಮೇಲೆ. ಪಿಕ್‌ಫರ್ಡ್ ಕೊನೆಗೊಂದು ಹೊಡೆತ ತಡೆದ. ಸೀಟಿ ಊದಿದರು. 36 ಪಾಯಿಂಟ್, 17ನೇ ಸ್ಥಾನ. ಲೆಸ್ಟರ್ ಗೆದ್ದರೂ 34. ಎರಡೇ ಪಾಯಿಂಟಿನ ಅಂತರ.

ತಮ್ಮನ ಫೋನ್ ಬಂತು. ಜನ ಮೈದಾನಕ್ಕೆ ನುಗ್ಗಿದ್ದು, ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕರೊಬ್ಬರು ಇವನನ್ನು ತಬ್ಬಿಕೊಂಡು ಅತ್ತಿದ್ದು, ಎಲ್ಲ ಹೇಳುತ್ತಾ ಇದ್ದ. 11:45ಕ್ಕೆ ಮಾತಿನ ಮಧ್ಯೆ ಕಟ್ ಆಯ್ತು. ನೋಡಿದರೆ ಹಸಿರು ದೀಪ ಆರಿದೆ. 3 ಗಂಟೆ 5 ನಿಮಿಷ, ಸರಿಯಾಗಿ.

ಇದೀಗ ಎರಡು ವರ್ಷ ದಾಟಿದೆ. 2025ರ ಮೇ 18ಕ್ಕೆ ಗುಡಿಸನ್‌ನಲ್ಲಿ ಪುರುಷರ ತಂಡದ ಕೊನೆಯ ಮ್ಯಾಚ್ ಆಯ್ತು, ಸೌತಾಂಪ್ಟನ್ ವಿರುದ್ಧ 2-0. ಅದನ್ನೂ ಈ ಪೆಟ್ಟಿಗೆಯಲ್ಲೇ ನೋಡಿದೆ. ಬ್ಯಾಟರಿ ಈಗ ಎರಡು ಗಂಟೆ ಹತ್ತು ನಿಮಿಷ ಬರುತ್ತೆ. ಲಿಥಿಯಂ ಸೆಲ್‌ಗೆ ವಯಸ್ಸಾಗೋದು ಸಹಜ. 5ಕ್ಕೆ 4 ಕೊಡುತ್ತೇನೆ. ಮುಂದಿನ ರೇವತಿ ಮಳೆ ಬರೋದರೊಳಗೆ ಇಂಥದ್ದೇ ಇನ್ನೊಂದು ತರಬೇಕು. ಅತ್ತೆ ಆಗಲೇ ಎರಡು ಸಲ ನೆನಪಿಸಿದ್ದಾರೆ.