ಸೆಕೆಯ ಊರಿನಲ್ಲಿ ರೇಸಿಂಗ್ ಸೂಟ್: ಕೆಲವು ಮಳೆಗಾಲ ಕಳೆದ ಮೇಲೆ

"ಇದನ್ನು ಹಾಕಿದರೆ ಸೆಕೆ ಆಗುದಿಲ್ವಾ?" ಸೂಟ್ ನೋಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ಆಗ್ತದೆ ಮಾರಾಯ್ರೆ. ಬೆಂಕಿ ತಡೆಯುವ ಬಟ್ಟೆ ತೊಟ್ಟು, ಮೇಲೆ ಹೆಲ್ಮೆಟ್ ಹಾಕಿ, ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಕುಳಿತರೆ ಸೆಕೆ ಆಗದೆ ಇರುವ ಉಪಾಯ ಯಾವ ಕಂಪನಿಯ ಹತ್ತಿರವೂ ಇಲ್ಲ. ಯಾವುದಕ್ಕೆ ದುಡ್ಡು ಹಾಕಿದರೆ ಸ್ವಲ್ಪ ಕಮ್ಮಿ ಆಗುತ್ತದೆ, ಯಾವುದು ಬರೀ ಜಾಹೀರಾತು ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ನಾನು ಸುರತ್ಕಲ್ ಕಡೆಯವನು. ಹಳೆಯ ಸ್ವಿಫ್ಟ್ ಒಂದಕ್ಕೆ ರೋಲ್ ಕೇಜ್ (ಕಾರು ಮಗುಚಿದರೆ ಕಾಪಾಡುವ ಕಬ್ಬಿಣದ ಚೌಕಟ್ಟು) ಕೂರಿಸಿ ಇಲ್ಲಿ ಮಣ್ಣಿನ ಆಟೋಕ್ರಾಸ್ (ಸರದಿಯಲ್ಲಿ ನಿಂತು ಸಮಯದ ಲೆಕ್ಕಕ್ಕೆ ಓಡಿಸುವ ಓಟ) ಓಡಿಸುತ್ತೇನೆ, ಕೈಯಲ್ಲಿ ದುಡ್ಡು ಇದ್ದಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕ್‌ಗೂ ಹೋಗುತ್ತೇನೆ. ಸೂಟ್ ಹೊರದೇಶದ್ದು, ಮೂರು ಪದರದ್ದು, ಎಫ್‌ಐಎ (ಜಗತ್ತಿನ ಮೋಟಾರ್ ರೇಸ್‌ಗಳ ನಿಯಮ ಮಾಡುವ ಸಂಸ್ಥೆ) ಕೊಡುವ 8856-2018 ಲೇಬಲ್ ಇರುವಂಥದ್ದು. ಸಾಗಾಟ, ಕಸ್ಟಮ್ಸ್ ಸುಂಕ ಎಲ್ಲ ಸೇರಿ 50 ಸಾವಿರ ರೂಪಾಯಿಯ ಹತ್ತಿರ ಬಿತ್ತು. ಕಂಪನಿಯ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಸೂಟ್ ಕೊಳ್ಳುವಾಗ ಹೆಸರಿಗಿಂತ ಕಾಲರ್ ಹಿಂಬದಿಯ ಲೇಬಲ್ ಮುಖ್ಯ.

ಲೇಬಲ್ ಅಂದರೆ ಸುಮ್ನೆ ಒಂದು ಚೀಟಿ ಅಲ್ಲ. ಎಫ್‌ಐಎ ಪರೀಕ್ಷೆಯಲ್ಲಿ ಬಟ್ಟೆಗೆ ಹೊರಗಿನಿಂದ ಜ್ವಾಲೆ ಹಿಡಿದು, ಒಳಬದಿಯ ಉಷ್ಣತೆ 24 ಡಿಗ್ರಿ ಏರಲು ಎಷ್ಟು ಸೆಕೆಂಡ್ ಬೇಕು ಎಂದು ಅಳೆಯುತ್ತಾರೆ. ಹಳೆಯ 8856-2000 ಮಾನದಂಡದಲ್ಲಿ ಕನಿಷ್ಠ 11 ಸೆಕೆಂಡ್ ಇತ್ತು, 2018ರದ್ದರಲ್ಲಿ 12. ಅಮೆರಿಕದಲ್ಲಿ ರೇಸ್ ಸಾಮಾನಿನ ಮಾನದಂಡ ಮಾಡುವ ಎಸ್‌ಎಫ್‌ಐ ಸಂಸ್ಥೆಯ ಲೆಕ್ಕ ಬೇರೆ. 3.2ಎ/1 ಸೂಟ್ ಎರಡನೇ ಹಂತದ ಸುಟ್ಟಗಾಯ ಆಗುವ ಮೊದಲು ಸುಮಾರು 3 ಸೆಕೆಂಡ್ ಕೊಡುತ್ತದೆ, 3.2ಎ/5 ಸುಮಾರು 10 ಸೆಕೆಂಡ್. ಅಗ್ಗಕ್ಕೆ ಸಿಗುವ ಒಂದು ಪದರದ ಸೂಟ್‌ಗಳು ಹೆಚ್ಚಾಗಿ ಈ ಮೊದಲನೆಯ ಜಾತಿಯವು. ಬೆಲ್ಟ್ ಬಿಚ್ಚಿ, ಕಿಟಕಿ ಬಲೆ ಸರಿಸಿ, ಬಾಗಿಲು ತೆಗೆದು ಹೊರಗೆ ಬರಲು 3 ಸೆಕೆಂಡ್ ಸಾಕಾಗುತ್ತದಾ? ಕಾರು ನಿಂತಿರುವಾಗ ಗೆಳೆಯನ ಕೈಯಲ್ಲಿ ಮೊಬೈಲ್ ಕೊಟ್ಟು ಲೆಕ್ಕ ಹಾಕಿಸಿ ನೋಡಿ. ಉತ್ತರ ನಿಮಗೇ ಸಿಗುತ್ತದೆ.

ಇನ್ನೊಂದು ವಿಷಯ ಜೋರಾಗಿಯೇ ಹೇಳಬೇಕು. ಗೋ ಕಾರ್ಟ್ (ತೆರೆದ ಪುಟ್ಟ ರೇಸ್ ಬಂಡಿ) ಓಡಿಸುವ ಸೂಟ್ ಕಾರಿಗೆ ಆಗುವುದಿಲ್ಲ. ನೋಡಲು ಒಂದೇ ಥರ, ಬೆಲೆ ಕಾಲು ಭಾಗ, ಗಾಳಿಯೂ ಚೆನ್ನಾಗಿ ಆಡುತ್ತದೆ. ಅದಕ್ಕೇ ಹುಡುಗರು ಅದನ್ನು ಹಾಕಿಕೊಂಡು ಬರುತ್ತಾರೆ. ಆದರೆ ಅದು ರಸ್ತೆಗೆ ಉಜ್ಜಿದರೆ ಚರ್ಮ ಕಿತ್ತು ಬರದಂತೆ ಮಾಡಿದ ಸೂಟ್, ಬೆಂಕಿಗಲ್ಲ. ಅದರಲ್ಲಿ ಇರುವ ನೈಲಾನ್, ಪಾಲಿಯೆಸ್ಟರ್ 260 ಡಿಗ್ರಿ ಆಸುಪಾಸಿನಲ್ಲಿ ಕರಗಿ ಮೈಗೆ ಅಂಟುತ್ತವೆ. ಕಾರಿನ ಸೂಟ್‌ಗೆ ಬಳಸುವ, ಬೆಂಕಿ ತಡೆಯುವ ನೂಲು ನೊಮೆಕ್ಸ್ ಕರಗುವುದಿಲ್ಲ. ಬೆಂಕಿ ತಾಗಿದಾಗ ಕರಕಲಾಗಿ ದಪ್ಪವಾಗುತ್ತದೆ, ಆ ದಪ್ಪವೇ ಶಾಖವನ್ನು ತಡೆಯುತ್ತದೆ. ರಾಸಾಯನಿಕ ಹಾಕಿದ ಹತ್ತಿಯ ಸೂಟ್‌ಗಳೂ ಉಂಟು. ಮೈಗೆ ಹಿತ, ಬೆಲೆಯೂ ಕಮ್ಮಿ. ಆದರೆ ಅಲ್ಲಿ ಬೆಂಕಿ ತಡೆಯುವ ಗುಣ ನೂಲಿನಲ್ಲಿ ಇರುವುದಲ್ಲ, ಮೇಲಿಂದ ಕೊಟ್ಟದ್ದು. ಬ್ಲೀಚ್ ಹಾಕಿ ಒಗೆದರೆ ಹೋಗುತ್ತದೆ. ಪ್ರತೀ ಓಟದ ನಂತರ ಒಗೆಯಲೇಬೇಕಾದ ನಮ್ಮ ಊರಿಗೆ ಅದು ಸರಿ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಗಾಳಿಯಾಡುವ ವಿಷಯಕ್ಕೆ ಬರೋಣ. ಜಾಹೀರಾತಿನಲ್ಲಿ ಹೇಳುವ ಈ ಗುಣದ ಅರ್ಥ ಇಷ್ಟೇ: ಒಳಗಿನ ಬೆವರು ಹಬೆಯಾಗಿ ಬಟ್ಟೆಯ ಮೂಲಕ ಹೊರಗೆ ಹೋಗಬೇಕು. ಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ಅದಕ್ಕೆ ಜಾಗ ಇರಬೇಕಲ್ವಾ? ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ. ಇದೇ ಸೂಟ್ ಹಾಕಿ ಕರಿ ಟ್ರ್ಯಾಕ್‌ನಲ್ಲಿ ಮಧ್ಯಾಹ್ನ ಓಡಿಸಿದ್ದೇನೆ. ಬಿಸಿಲು ಚುರುಕಾಗಿಯೇ ಇತ್ತು. ಆದರೆ ಅಲ್ಲಿ ಗಾಳಿ ಒಣಗಿದ್ದು. ಜಿಪ್ ಎದೆವರೆಗೆ ಇಳಿಸಿ ನೆರಳಿಗೆ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಬೆನ್ನು ಒಣಗಿತು. ಊರಿನಲ್ಲಿ ಅದೇ ಕೆಲಸ ಮಾಡಿದರೆ ಬೆನ್ನು ಸಂಜೆವರೆಗೂ ಚಂಡಿ. ಸೂಟ್ ಅದೇ, ಮೈ ಅದೇ, ಗಾಳಿ ಮಾತ್ರ ಬೇರೆ. ಯೂರೋಪಿನವರು ಬರೆದ ವಿಮರ್ಶೆ ಓದಿ "ತುಂಬಾ ಹಗುರ, ತುಂಬಾ ತಂಪು" ಎಂದು ನಂಬಿ ದುಬಾರಿ ಸೂಟ್ ತರಿಸುವವರು ಇದನ್ನು ನೆನಪಿಡಬೇಕು. ಹಗುರದ ಸೂಟ್‌ಗೂ ಮಧ್ಯಮ ಸೂಟ್‌ಗೂ ತೂಕದಲ್ಲಿ ಕೆಲವು ನೂರು ಗ್ರಾಂ ವ್ಯತ್ಯಾಸ, ಬೆಲೆಯಲ್ಲಿ ದುಪ್ಪಟ್ಟು. ಆ ಹೆಚ್ಚಿನ ದುಡ್ಡಿಗೆ ತಕ್ಕ ತಂಪು ನಮ್ಮ ಗಾಳಿಯಲ್ಲಿ ಸಿಗುವುದಿಲ್ಲ.

ಸೂಟ್‌ನ ಯಾವ ಜಾಗ ಗಾಳಿ ಬಿಡುತ್ತದೆ ಅನ್ನುವುದನ್ನೂ ನೋಡಬೇಕು. ನನ್ನದರಲ್ಲಿ ಸೊಂಟದ ಹಿಂದೆ ಹಿಗ್ಗುವ ಹೆಣಿಗೆಯ ಪಟ್ಟಿ ಉಂಟು, ಕಂಕುಳ ಕೆಳಗೂ ಉಂಟು. ಸೊಂಟದ ಪಟ್ಟಿ ಬಗ್ಗಲು ಅನುಕೂಲ, ಆದರೆ ಸೀಟಿಗೆ ಒತ್ತಿಕೊಂಡಿರುವಾಗ ಅದರಲ್ಲಿ ಯಾವ ಗಾಳಿ? ಬೆವರು ಬೆನ್ನಿನಿಂದ ಇಳಿದು ಸರಿಯಾಗಿ ಅಲ್ಲೇ, ಹಾರ್ನೆಸ್‌ನ (ರೇಸ್ ಕಾರಿನ ಸೀಟ್ ಬೆಲ್ಟ್) ಪಟ್ಟಿ ಬಿಗಿದ ಕಡೆ ನಿಲ್ಲುತ್ತದೆ. ಕಂಕುಳದ ಪಟ್ಟಿ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. ಸ್ಟಿಯರಿಂಗ್ ತಿರುಗಿಸುವಾಗ ಭುಜ ಎಳೆಯುವುದಿಲ್ಲ, ಕಿಟಕಿ ಕಡೆಯ ಗಾಳಿಯೂ ಒಳಗೆ ಹೋಗುತ್ತದೆ. ಇನ್ನು ಆಟೋಕ್ರಾಸ್‌ನಲ್ಲಿ ಓಟ ಒಂದೆರಡು ನಿಮಿಷದ್ದು, ಸಾಲಿನಲ್ಲಿ ಕಾಯುವುದೇ ಜಾಸ್ತಿ. ಸೆಕೆಯಲ್ಲಿ ಮುಕ್ಕಾಲು ಪಾಲು ಆಗುವುದು ಆ ಸಾಲಿನಲ್ಲಿ. ಕಾಯುವಾಗ ತೋಳು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಿ, ಬೊಂಡ ಕುಡಿಯಿರಿ, ಮುಂದೆ ಎರಡು ಕಾರು ಉಳಿದಾಗ ಜಿಪ್ ಏರಿಸಿ.

ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಸೂಟ್‌ಗಿಂತ ಒಳಗಿನ ಬಟ್ಟೆ. ಸೆಕೆ ಅಂತ ಬನಿಯನ್ ಮೇಲೆಯೇ ಸೂಟ್ ಹಾಕುವವರು ಇದ್ದಾರೆ. ಹತ್ತಿಯ ಬನಿಯನ್ ಬೆವರು ಕುಡಿದು ಮೈಗೆ ಅಂಟುತ್ತದೆ, ಒಣಗುವುದೇ ಇಲ್ಲ. ಚಂಡಿ ಬಟ್ಟೆಗೆ ಜೋರು ಶಾಖ ತಾಗಿದರೆ ಅದೇ ನೀರು ಹಬೆಯಾಗಿ ಚರ್ಮ ಬೇಯಿಸಬಹುದು. ಕ್ರಿಕೆಟ್ ಜೆರ್ಸಿ ಇನ್ನೂ ಅಪಾಯ, ಅದು ಪಾಲಿಯೆಸ್ಟರ್. ತೆಳ್ಳಗಿನ ಹೆಣಿಗೆಯ, ಬೆಂಕಿ ತಡೆಯುವ ಉದ್ದ ತೋಳಿನ ಒಳಬಟ್ಟೆ ತೊಟ್ಟ ಮೇಲೆ, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಸೆಕೆ ಕಮ್ಮಿಯೇ ಅನಿಸಿತು. ಅದು ಬೆವರನ್ನು ಮೈಯಿಂದ ಎಳೆದು ಹರಡುತ್ತದೆ, ಸೂಟ್‌ನ ಒಳಪದರ ಕೈಗೆ ಕಾಲಿಗೆ ಅಂಟುವುದಿಲ್ಲ. ಜೊತೆಗೆ ಇನ್ನೊಂದು ಪದರದ ರಕ್ಷಣೆ. ಬಜೆಟ್ ಬಿಗಿ ಇದ್ದರೆ ಸೂಟ್‌ನಲ್ಲಿ ಒಂದು ಮಟ್ಟ ಕೆಳಗಿಳಿದು ಆ ದುಡ್ಡನ್ನು ಇದಕ್ಕೆ ಹಾಕಿ. ಗ್ಲೌಸ್‌ಗೂ ಉಳಿಸಿ. 2020ರ ನವೆಂಬರ್‌ನಲ್ಲಿ ಬಹ್ರೈನ್‌ನಲ್ಲಿ ಕಾರು ಅಪಘಾತವಾಗಿ ಫಾರ್ಮುಲಾ ವನ್ ಚಾಲಕ ರೊಮೇನ್ ಗ್ರೋಜಾನ್ ಸುಮಾರು 28 ಸೆಕೆಂಡ್ ಬೆಂಕಿಯೊಳಗೆ ಇದ್ದು ಜೀವಂತ ಹೊರಗೆ ಬಂದರು. ಸುಟ್ಟದ್ದು ಮುಖ್ಯವಾಗಿ ಕೈಗಳು.

ಅಳತೆಯ ಬಗ್ಗೆ ಒಂದು ದೂರು. ಮಾರಾಟಗಾರರು ನಾನು ಕೇಳಿದ್ದಕ್ಕಿಂತ ಒಂದು ಸೈಜ್ ಚಿಕ್ಕದು ಕಳಿಸಿದರು. ವಾಪಸ್ ಕಳಿಸಿ ಬದಲಿ ತರಿಸಲು ವಾರಗಟ್ಟಲೆ ಪತ್ರ, ಕಸ್ಟಮ್ಸ್‌ನಲ್ಲಿ ಮತ್ತೊಮ್ಮೆ ಕಾಗದಪತ್ರ. ನಿಂತಾಗ ಸರಿಯಾಗಿ ಕೂತ ಸೂಟ್ ಸೀಟಿನಲ್ಲಿ ಕುಳಿತಾಗ ತೊಡೆ ಸಂದಿಯಲ್ಲಿ ಹಿಡಿಯುತ್ತದೆ, ತೋಳಿನ ತುದಿ ಮಣಿಕಟ್ಟಿನಿಂದ ಮೇಲೇರುತ್ತದೆ. ಹಾಗಾಗಿ ಕುಳಿತೇ ನೋಡಬೇಕು. ಸ್ವಲ್ಪ ಸಡಿಲ ಇದ್ದರೆ ಒಳ್ಳೆಯದೇ, ಪದರಗಳ ನಡುವಿನ ಗಾಳಿಯೂ ಶಾಖ ತಡೆಯುತ್ತದೆ. ಉದ್ದ ಜಾಸ್ತಿ ಆಯಿತೆಂದು ಹಂಪನಕಟ್ಟೆಯ ದರ್ಜಿಯ ಹತ್ತಿರ ಕೊಡಬೇಡಿ. ಅವರು ಎಷ್ಟೇ ಚಂದ ಹೊಲಿದರೂ ನೂಲು ಪಾಲಿಯೆಸ್ಟರ್ ಆಗಿರುತ್ತದೆ. ಸ್ಪಾನ್ಸರ್ ಹೆಸರಿನ ಪ್ಯಾಚ್ ಕೂಡ ಹಾಗೆಯೇ. ಬೆಂಕಿ ತಡೆಯುವ ನೂಲಿನಲ್ಲಿ, ಹೊರ ಪದರಕ್ಕೆ ಮಾತ್ರ ಹೊಲಿಯಬೇಕು. ಮೂರೂ ಪದರ ಸೇರಿಸಿ ಹೊಲಿದರೆ ಆ ಜಾಗದಲ್ಲಿ ಶಾಖ ನೇರ ಒಳಗೆ.

ಬಾಳಿಕೆಯ ಮಾತು ಬಂದರೆ ಬಟ್ಟೆ ಗಟ್ಟಿ. ಕೈಕೊಟ್ಟದ್ದು ಸಣ್ಣಪುಟ್ಟ ಭಾಗಗಳು. ಉಪ್ಪುಗಾಳಿಗೆ ಜಿಪ್‌ನ ತುದಿ ಬಿಗಿಯಾಗಿ, ಕಾಲರ್ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. ಕಾಲರ್‌ನ ವೆಲ್ಕ್ರೋ ಧೂಳು, ನೂಲು ಹಿಡಿದು ಅರ್ಧ ಹಿಡಿತ ಕಳೆದುಕೊಂಡಿತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದ ಮೇಲೆ ಸ್ವಲ್ಪ ಸರಿಯಾಯಿತು. ಮಣಿಕಟ್ಟಿನ ಹೆಣಿಗೆ ಸಡಿಲವಾಗಿದೆ. ಭುಜದ ಬಣ್ಣ ಮಾಸಿದೆ. ಅದು ನಮ್ಮ ಅಮ್ಮ ಅಂಗಳದ ಬಿಸಿಲಿಗೆ ಹಾಕಿದ್ದರ ಫಲ. ನೊಮೆಕ್ಸ್‌ಗೆ ನೇರ ಬಿಸಿಲು ಆಗುವುದಿಲ್ಲ, ಬಣ್ಣದ ಜೊತೆ ಬಲವೂ ಹೋಗುತ್ತದೆ. ಜಿಪ್ ಹಾಕಿ, ಒಳಗಿನದು ಹೊರಗೆ ಮಾಡಿ, ಸಾದಾ ಸೋಪಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ಬ್ಲೀಚ್ ಬೇಡ, ಬಟ್ಟೆ ಮೆತ್ತಗೆ ಮಾಡುವ ದ್ರವವೂ ಬೇಡ. ಪೆಟ್ರೋಲ್, ಆಯಿಲ್ ಬಿದ್ದರೆ ಆವತ್ತೇ ಒಗೆಯಿರಿ. ಎಣ್ಣೆ ಕುಡಿದ ಬಟ್ಟೆ ಎಷ್ಟು ಒಳ್ಳೆಯದಾದರೂ ಮೇಲಿನ ಎಣ್ಣೆ ಉರಿದೇ ಉರಿಯುತ್ತದೆ.

ಹೇಳುವುದು ಸುಲಭ, ಜುಲೈಯಲ್ಲಿ ನೆರಳಿನಲ್ಲಿ ಏನು ಒಣಗುತ್ತದೆ? ಮೂರು ಪದರದ ಸೂಟ್ ಜಗಲಿಯಲ್ಲಿ ದಿನಗಟ್ಟಲೆ ನೇತಾಡಿದರೂ ಕಂಕುಳಲ್ಲಿ ತೇವ ಹಾಗೇ ಉಳಿಯುತ್ತದೆ, ಆಮೇಲೆ ಬೂಸ್ಟಿನ ವಾಸನೆ. ನಾನು ಮಳೆಗಾಲದಲ್ಲಿ ಒಳಗಿನ ಕೋಣೆಯಲ್ಲಿ ಫ್ಯಾನ್ ಕೆಳಗೆ ತೂಗುಹಾಕಿ, ಆಗಾಗ ಒಳಹೊರಗೆ ಮಾಡಿ ಒಣಗಿಸುತ್ತೇನೆ. ಒಣಗಿದ ಮೇಲೂ ಚೀಲದಲ್ಲಿ ಮಡಚಿ ಇಡುವುದಿಲ್ಲ, ಕೋಣೆಯಲ್ಲೇ ಅಗಲದ ಹ್ಯಾಂಗರ್‌ನಲ್ಲಿ ಇರುತ್ತದೆ. ಬೂಸ್ಟು ಈವರೆಗೆ ಬಂದಿಲ್ಲ. ಮನೆಯವರ ಗೊಣಗಾಟ ಬಂದಿದೆ.

ಕೊಳ್ಳುವ ಮೊದಲು ನೀವು ಭಾಗವಹಿಸುವ ಸ್ಪರ್ಧೆಯ ನಿಯಮಪತ್ರ ಓದಿ, ಯಾವ ಲೇಬಲ್ ಬೇಕು ಎಂದು ಅದರಲ್ಲಿ ಇರುತ್ತದೆ. ಸ್ಕ್ರೂಟಿನಿಯಲ್ಲಿ (ಓಟದ ಮೊದಲಿನ ತಪಾಸಣೆ) ನಿಲ್ಲಿಸಿದರೆ ಆವತ್ತಿನ ಓಟ ಹೋಯಿತು. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ 8856-2018 ಲೇಬಲ್‌ನ ಹಾಲೋಗ್ರಾಂ, ಅವಧಿ ಮುಗಿಯುವ ವರ್ಷ ಎರಡನ್ನೂ ಕಣ್ಣಾರೆ ನೋಡಿ, ಫೋಟೋ ನಂಬಬೇಡಿ. ಭುಜದ ಮೇಲಿನ ಪಟ್ಟಿಗಳನ್ನು ಎಳೆದು ನೋಡಿ. ಅವು ಚಂದಕ್ಕೆ ಇರುವುದಲ್ಲ, ಪ್ರಜ್ಞೆ ತಪ್ಪಿದವನನ್ನು ಕಾರಿನಿಂದ ಎಳೆಯುವ ಹಿಡಿ.

ಇದೇ ಸೂಟನ್ನು ಮತ್ತೆ ಕೊಳ್ಳುತ್ತೇನಾ? ಕೊಳ್ಳುತ್ತೇನೆ. ಬೇರೆ ಮಾರಾಟಗಾರರಿಂದ, ಮತ್ತು ಕಪ್ಪು ಬಿಟ್ಟು ಬೇರೆ ಬಣ್ಣದ್ದು. ಬಿಸಿಲಿನ ಸಾಲಿನಲ್ಲಿ ನಿಂತಾಗ ಕಪ್ಪಿನ ಭುಜ ಮುಟ್ಟಲು ಆಗುವುದಿಲ್ಲ.