ಸಾವಿರ ಹೆಂಚು, ಬಾಳೆಬರೆ ಘಾಟಿ, ಮೂರು ಗಾಡಿ

ನಮ್ಮ ಅಂಗಡಿಯ ತಕ್ಕಡಿಯಲ್ಲಿ ಒಣಗಿದ ಮಂಗಳೂರು ಹೆಂಚೊಂದು 2 ಕೆ.ಜಿ. 450 ಗ್ರಾಂ ತೂಗುತ್ತದೆ. ಅದನ್ನೇ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿ ತೂಗಿದಾಗ 2 ಕೆ.ಜಿ. 800 ಗ್ರಾಂ ಬಂತು. ಒಂದು ಹೆಂಚಿನಲ್ಲಿ 350 ಗ್ರಾಂ ಏನೂ ಅಲ್ಲವೆನ್ನಿಸಬಹುದು. ಆರುನೂರು ಹೆಂಚು ಹೇರಿಕೊಂಡು ಘಾಟಿ ಹತ್ತುವವನಿಗೆ ಅದು ಎರಡು ಕ್ವಿಂಟಲ್‌ಗೂ ಮಿಕ್ಕಿದ ನೀರು. ಹೊಸ ಗಾಡಿ ಕೊಳ್ಳುವ ಮೊದಲು ನಾನು ಮಾಡಿದ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಇದೇ ಆಗಿತ್ತು, ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದೂ ಇದೇ.

ತೀರ್ಥಹಳ್ಳಿ ಕಡೆಯ ಸಣ್ಣ ಪೇಟೆಯೊಂದರಲ್ಲಿ ನನ್ನದು ಕಟ್ಟಡ ಸಾಮಗ್ರಿಯ ಅಂಗಡಿ. ಸಿಮೆಂಟು, ಕಬ್ಬಿಣ ಶಿವಮೊಗ್ಗದ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ಹೆಂಚು ಮಾತ್ರ ಕುಂದಾಪುರದ ಕಡೆಯಿಂದ ನಾವೇ ತರಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಈ ಉದ್ಯಮ ಈಗ ಸೊರಗಿದೆಯಾದರೂ, ಕೆಡವಿದ ಹಳೆಯ ಮನೆಗಳ ಹೆಂಚಿಗೆ ಮಲೆನಾಡಿನ ಹೋಂಸ್ಟೇಗಳಿಂದ ಬೇಡಿಕೆ ಕುದುರಿದೆ. ಇಂಥ ಹೆಂಚು ಒಂದೇ ಕಡೆ ಸಾವಿರಗಟ್ಟಲೆ ಸಿಗುವುದು ಅಪರೂಪ. ಒಮ್ಮೆ ನಾನೂರು, ಒಮ್ಮೆ ಸಾವಿರ, ಹೀಗೆ ಸಿಕ್ಕಷ್ಟನ್ನು ತರುವುದರಿಂದ ಲಾರಿ ಕಟ್ಟುವುದು ಗಿಟ್ಟುವುದಿಲ್ಲ. ಆದ್ದರಿಂದಲೇ ಪಿಕಪ್ ಗಾಡಿಯ ಮಾತು ಬಂದದ್ದು.

ನನ್ನ ಬಳಿ ಮೊದಲಿನಿಂದ ಇದ್ದದ್ದು ಟಾಟಾ ಏಸ್. 2005ರಲ್ಲಿ ಬಂದ ಈ ಗಾಡಿಯ ಎರಡು ಸಿಲಿಂಡರಿನ 702 ಸಿ.ಸಿ. ಡೀಸೆಲ್ ಎಂಜಿನ್‌ನ ಬಲ 16 ಅಶ್ವಶಕ್ತಿ, ಹೊರೆಯ ಮಿತಿ 750 ಕೆ.ಜಿ. ಇದಕ್ಕೆ ಎದುರಾಗಿ ನಿಲ್ಲಿಸಿ ನೋಡಿದ್ದು ಎರಡು ಗಾಡಿಗಳನ್ನು. ಒಂದು ನನ್ನ ಭಾವನ ಟಾಟಾ ಇಂಟ್ರಾ ವಿ30: ನಾಲ್ಕು ಸಿಲಿಂಡರ್, 1496 ಸಿ.ಸಿ., 70 ಅಶ್ವಶಕ್ತಿ, 1,300 ಕೆ.ಜಿ. ಹೊರೆ. ಇನ್ನೊಂದು ಗೆಳೆಯರೊಬ್ಬರ ಮಹೀಂದ್ರ ಬೊಲೆರೊ ಪಿಕಪ್‌ನ 1.7 ಟನ್ ಮಾದರಿ: 2523 ಸಿ.ಸಿ. ಎಂಜಿನ್, 1,700 ಕೆ.ಜಿ. ಹೊರೆ. 2011ರಿಂದ ಓಡಾಡುತ್ತಿರುವ ಅಶೋಕ್ ಲೇಲ್ಯಾಂಡ್ ದೋಸ್ತ್ ಕೂಡ ಇದೇ ವರ್ಗದ್ದೇ. ಆದರೆ ನಾನು ಅದನ್ನು ಓಡಿಸಿದ್ದು ಒಂದೇ ದಿನ, ಅದೂ ಖಾಲಿಯಾಗಿ ಬಯಲುಸೀಮೆಯ ರಸ್ತೆಯಲ್ಲಿ. ಆದ್ದರಿಂದ ಅದನ್ನು ಈ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮೊದಲು ಹೊರೆಯ ಅಂಕಿಯನ್ನೇ ಬಿಡಿಸಿ ನೋಡೋಣ, ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. ಆರ್.ಸಿ.ಯಲ್ಲಿ ಬರೆದಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವುದೇ ಹೊರೆ; ಚಾಲಕ, ಪಕ್ಕದಲ್ಲಿ ಕೂರುವ ಲೋಡಿನವರು, ಟಾರ್ಪಾಲು, ಹಗ್ಗ, ಹೆಂಚಿನ ನಡುವೆ ತುರುಕುವ ಹುಲ್ಲು ಇವೆಲ್ಲವೂ ಆ ಹೊರೆಯೊಳಗೇ ಸೇರುತ್ತವೆ. ಇಂಟ್ರಾ ಮತ್ತು ಬೊಲೆರೊದಲ್ಲಿ ನಾವು ಮೂವರು ಹೋಗುತ್ತಿದ್ದುದರಿಂದ ಇದಕ್ಕೆ 220 ಕೆ.ಜಿ., ಏಸ್‌ನಲ್ಲಿ ಇಬ್ಬರೇ ಆದ್ದರಿಂದ 150 ಕೆ.ಜಿ. ಎಂದು ಹಿಡಿದೆ. ಹೆಂಚಿಗೆ ಎರಡೂವರೆ ಕಿಲೋ ಎಂದುಕೊಂಡರೆ ಏಸ್‌ನಲ್ಲಿ ತರಬಹುದಾದದ್ದು 240 ಹೆಂಚು, ಇಂಟ್ರಾದಲ್ಲಿ 432, ಬೊಲೆರೊದಲ್ಲಿ 592. ಸಾವಿರ ಹೆಂಚಿಗೆ ಬೊಲೆರೊ ಎರಡು ಸಲ, ಇಂಟ್ರಾ ಮೂರು ಸಲ ಹೋಗಬೇಕು. ಏಸ್ ನಾಲ್ಕು ಸಲದಲ್ಲಿ 960 ತಂದು, ಉಳಿದ ನಲವತ್ತು ಹೆಂಚಿಗಾಗಿ ಐದನೆಯ ಸಲ ಘಾಟಿ ಇಳಿಯಬೇಕು. ಮನುಷ್ಯರ ತೂಕವನ್ನು ಮರೆತು ಲೆಕ್ಕ ಹಾಕಿದ್ದರೆ ಇಂಟ್ರಾಕ್ಕೂ ಎರಡೇ ಸಲ ಸಾಕು ಎಂದು ಬರುತ್ತಿತ್ತು. ನಾನು ಮೊದಲು ಮಾಡಿದ ಲೆಕ್ಕವೂ ಅದೇ.

ದಾರಿಯನ್ನು ತಿಳಿಯದವರಿಗಾಗಿ ಒಂದು ಮಾತು. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಯವರೆಗೆ ರಸ್ತೆ ಹೆಚ್ಚು ಏರದೆ ಸಾಗುತ್ತದೆ. ವಾರಾಹಿ ಯೋಜನೆಯ ಭೂಗರ್ಭ ವಿದ್ಯುದಾಗಾರವಿರುವ ಆ ಊರನ್ನು ದಾಟಿದ ಮೇಲೆ ಶುರುವಾಗುವುದೇ ಬಾಳೆಬರೆ ಘಾಟಿ. ಹುಲಿಕಲ್ ಘಾಟಿ ಎಂದರೂ ಅದೇ. ಮೇಲೆ ಮಾಸ್ತಿಕಟ್ಟೆ ತಲುಪುವವರೆಗೆ ಏರು, ತಿರುವು, ಮಂಜು, ಮಳೆಗಾಲದಲ್ಲಿ ಕಣ್ಣು ಬಿಡಲಾಗದಂಥ ಮಳೆ. ಅಂಗಡಿಯಿಂದ ಹೆಂಚಿನ ಯಾರ್ಡಿಗೆ ಹೋಗಿಬರಲು ನಮಗೆ 150 ಕಿಲೋಮೀಟರ್ ಆಗುತ್ತದೆ.

ಏರಿನಲ್ಲಿ ಮೂರೂ ಗಾಡಿಗಳನ್ನು ತಮ್ಮ ತಮ್ಮ ಮಿತಿಯಷ್ಟೇ ತುಂಬಿ ಹತ್ತಿಸಿದೆ. ಏಸ್ ಹತ್ತಿತು, ಆದರೆ ಬಹುಪಾಲು ಒಂದನೆಯ ಗೇರಿನಲ್ಲಿ, ಹಿಂದೆ ಬಸ್ಸಿನವನ ಹಾರ್ನ್ ಕೇಳಿಸಿಕೊಳ್ಳುತ್ತ. 16 ಅಶ್ವಶಕ್ತಿಯ ಗಾಡಿಯಿಂದ ಇದಕ್ಕಿಂತ ಹೆಚ್ಚು ಬಯಸುವುದು ಅನ್ಯಾಯ, ಪೇಟೆಯೊಳಗಿನ ಸಾಗಾಟಕ್ಕೆಂದು ಹುಟ್ಟಿದ ಗಾಡಿ ಅದು. ಇಂಟ್ರಾ ಚುರುಕಾಗಿ ಹತ್ತಿತು. ಅದರ 140 ನ್ಯೂಟನ್ ಮೀಟರ್ ತಿರುಗುಬಲ ಸಿಗುವುದು 1,800 ಆರ್.ಪಿ.ಎಂ. ಮೇಲೆ. ಆದ್ದರಿಂದ ಕಡಿದಾದ ತಿರುವಿಗೆ ಬರುವ ಮೊದಲೇ ಗೇರು ಇಳಿಸಿ ಎಂಜಿನ್ನನ್ನು ಎಚ್ಚರವಾಗಿಟ್ಟುಕೊಳ್ಳಬೇಕು. ತಿರುವಿನ ನಡುವೆ ಯೋಚಿಸುತ್ತ ಕೂತರೆ ಮತ್ತೆ ಒಂದನೆಯ ಗೇರಿಗೇ ಬರಬೇಕಾಗುತ್ತದೆ. ಎರಡು ಸಲ ಹೋಗಿ ಬಂದ ಮೇಲೆ ಇದು ಕೈಗೆ ಹತ್ತಿತು. ಪವರ್ ಸ್ಟಿಯರಿಂಗ್ ಹಗುರವಾಗಿರುವುದರಿಂದ ತಿರುವುಗಳಲ್ಲಿ ತೋಳು ನೋಯಲಿಲ್ಲ. ಬೊಲೆರೊದ ದೊಡ್ಡ ಎಂಜಿನ್ ಸುಮಾರು 200 ನ್ಯೂಟನ್ ಮೀಟರ್ ಬಲವನ್ನು ತಗ್ಗಿನ ವೇಗದಲ್ಲೇ ಕೊಡುತ್ತದೆ. ಇಂಟ್ರಾಕ್ಕಿಂತ ನಾಲ್ಕು ಕ್ವಿಂಟಲ್ ಹೆಚ್ಚು ಹೊತ್ತಿದ್ದರೂ ಬಹುತೇಕ ತಿರುವುಗಳನ್ನು ಎರಡನೆಯ ಗೇರಿನಲ್ಲೇ ದಾಟಿತು.

ಆದರೆ ಹೇರುವ ರೀತಿಯಲ್ಲಿ ಬೊಲೆರೊ ಹೆಚ್ಚು ನಾಜೂಕನ್ನು ಬೇಡುತ್ತದೆ. ಇಂಟ್ರಾಕ್ಕೆ ಮೂತಿಯಿಲ್ಲ, ಚಾಲಕ ಮುಂದೆ ಕೂತಿರುತ್ತಾನೆ, ತೊಟ್ಟಿಯೂ ಅಷ್ಟೇ ಮುಂದಿನಿಂದ ಶುರುವಾಗುತ್ತದೆ. ಬೊಲೆರೊಗೆ ಬಾನೆಟ್ ಇರುವುದರಿಂದ ಉದ್ದನೆಯ ತೊಟ್ಟಿ ಹಿಂದಕ್ಕೆ ಸರಿದಿದೆ. ಹೆಂಚನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಸಾಲು ಸಾಲಾಗಿ, ಕ್ಯಾಬಿನ್ನಿನ ಗೋಡೆಗೆ ಒತ್ತಿಕೊಂಡು ಬರುವಂತೆ ಜೋಡಿಸಬೇಕು. ಮೊದಲ ಸಲ ಇಳಿಸಲು ಸುಲಭವಾಗಲೆಂದು ಹಿಂಬಾಗಿಲಿನ ಕಡೆಗೇ ಹೆಚ್ಚು ಹೆಂಚು ನಿಲ್ಲಿಸಿದ್ದೆವು. ತೂಕ ಮಿತಿಯೊಳಗೇ ಇತ್ತು. ಆದರೂ ಹಿಂದಿನ ಆಕ್ಸೆಲ್‌ನಿಂದಾಚೆ ಬಿದ್ದ ಭಾರ ಸನ್ನೆಯಂತೆ ಮೂತಿಯನ್ನು ಎತ್ತತೊಡಗಿ, ಏರಿನಲ್ಲಿ ಸ್ಟಿಯರಿಂಗ್ ಗಾಳಿಯಲ್ಲಿ ತಿರುಗಿದಷ್ಟು ಹಗುರವಾಯಿತು. ತಪ್ಪು ನಮ್ಮದೇ. ಹೊಸಂಗಡಿಯ ಮೇಲೆ ಗಾಡಿ ನಿಲ್ಲಿಸಿ, ಹಿಂದಿನ ಮೂರು ಸಾಲನ್ನು ಮುಂದಕ್ಕೆ ಸಾಗಿಸಿದ ಮೇಲೆ ಚಕ್ರ ಮತ್ತೆ ನೆಲ ಹಿಡಿಯಿತು. ಮಳೆಯಲ್ಲಿ ನೂರಿಪ್ಪತ್ತು ಹೆಂಚು ಕೈಬದಲಾಯಿಸಿದ ಆ ಅರ್ಧ ಗಂಟೆಯನ್ನು ನಮ್ಮ ಹುಡುಗರು ಇನ್ನೂ ಎತ್ತಿ ಆಡುತ್ತಾರೆ.

ಏರಿಗಿಂತ ಇಳಿಜಾರಿನ ಪರೀಕ್ಷೆಯೇ ನನಗೆ ಮುಖ್ಯವಾಗಿತ್ತು. ಅದಕ್ಕೆ ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ಬಾಡಿಗೆ ಗಾಡಿಯೊಂದರಲ್ಲಿ, ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ, ಮಿತಿಗಿಂತ ಆರೇಳು ಕ್ವಿಂಟಲ್ ಹೆಚ್ಚು ಹೇರಿಸಿಕೊಂಡು ಇದೇ ಘಾಟಿ ಇಳಿಯುತ್ತಿದ್ದೆ. ಚಾಲಕ ಮೂರನೆಯ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದ. ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಪೆಡಲ್ ಮೆತ್ತಗಾಯಿತು, ಆಮೇಲೆ ಅದು ನೆಲ ಮುಟ್ಟಿದರೂ ಗಾಡಿ ನಿಲ್ಲಲಿಲ್ಲ. ರಸ್ತೆ ಕೆಲಸಕ್ಕೆಂದು ಗುಡ್ಡದ ಬದಿಗೆ ಸುರಿದಿದ್ದ ಜಲ್ಲಿರಾಶಿಗೆ ನುಗ್ಗಿಸಿದ್ದರಿಂದ ಬದುಕಿದೆವು. ಬಿಸಿಯಾದ ಬ್ರೇಕ್ ಡ್ರಮ್ಮು ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಇದು ಯಾವ ಕಂಪನಿಯ ಗಾಡಿಯಲ್ಲಾದರೂ ಹೀಗೆಯೇ. ಬಿಸಿ ಹುಟ್ಟದಂತೆ ನೋಡಿಕೊಳ್ಳುವುದೊಂದೇ ದಾರಿ, ಅದನ್ನು ಮಾಡಬೇಕಾದದ್ದು ಗೇರು.

ಆದ್ದರಿಂದ ಕರಾವಳಿಯ ಅಕ್ಕಿ ಗಿರಣಿಯೊಂದಕ್ಕೆ ಹೋಗಬೇಕಿದ್ದ ಭತ್ತವನ್ನು ಒಂದೊಂದು ಟನ್ನಿನಂತೆ ಇಂಟ್ರಾ, ಬೊಲೆರೊ ಎರಡರಲ್ಲೂ ಇಳಿಸಿ ನೋಡಿದೆ. ಏಸ್‌ಗೆ ಅಷ್ಟು ಹೊರೆ ಹೇರುವಂತಿಲ್ಲವಾದ್ದರಿಂದ ಅದನ್ನು ಬಿಟ್ಟೆ. ಎರಡೂ ಗಾಡಿಗಳನ್ನು ಎರಡನೆಯ ಗೇರಿನಲ್ಲೇ ಇಳಿಸಿ, ಹುಲಿಕಲ್ ಚಂಡಿಕಾಂಬಾ ದೇವಸ್ಥಾನದ ಮುಂದೆ ನಿಲ್ಲಿಸಿದೆ. ಕಾಣಿಕೆ ಹಾಕಿ ಮುಂದೆ ಹೋಗುವುದು ಈ ದಾರಿಯ ವಾಡಿಕೆ. ನಾನು ಕಾಣಿಕೆ ಹಾಕಿ ಬಂದವನೇ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಂಗೈಯ ಹಿಂಬದಿಯನ್ನು ರಿಮ್ಮಿನ ತೂತಿನ ಹತ್ತಿರ ಹಿಡಿದೆ. ಬೊಲೆರೊದ ಬಳಿ ಹತ್ತು ಎಣಿಸುವವರೆಗೂ ಕೈ ಹಿಡಿಯಬಹುದಾಗಿತ್ತು. ಇಂಟ್ರಾದ ಬಳಿ ಐದಕ್ಕೇ ಕೈ ತೆಗೆದೆ. ಇದನ್ನು ಗಾಡಿಯ ದೋಷವೆಂದು ನಾನು ಹೇಳುವುದಿಲ್ಲ. ಒಂದೂವರೆ ಲೀಟರಿನ ಎಂಜಿನ್ನು ಎರಡೂವರೆ ಲೀಟರಿನ ಎಂಜಿನ್ನಿನಷ್ಟು ಗಾಡಿಯನ್ನು ಹಿಂದಕ್ಕೆ ಜಗ್ಗಲಾರದು. ಆದ್ದರಿಂದ ತಿರುವಿಗೊಮ್ಮೆ ಬ್ರೇಕ್ ಮುಟ್ಟಬೇಕಾಯಿತು, ಅಷ್ಟೇ. ಒಂದನೆಯ ಗೇರಿಗೆ ಇಳಿಸಿದಾಗ ಇಂಟ್ರಾವೂ ತಣ್ಣಗೆ ಇಳಿಯಿತು, ಹೊತ್ತು ಮಾತ್ರ ಹೆಚ್ಚು ಹಿಡಿಯಿತು. ಅಂದಹಾಗೆ, ಬಿಸಿ ಡ್ರಮ್ಮಿಗೆ ನೀರು ಎರಚುವುದನ್ನು ದಯವಿಟ್ಟು ಮಾಡಬೇಡಿ, ಬಿರುಕು ಬಿಡುತ್ತದೆ.

ಡೀಸೆಲ್ಲಿನ ಲೆಕ್ಕದಲ್ಲಿ ನನಗೆ ಅಚ್ಚರಿ ಕಾದಿತ್ತು. ಟ್ಯಾಂಕ್ ತುಂಬಿಸಿ, ಹೋಗಿಬಂದು, ಮತ್ತೆ ತುಂಬಿಸಿ ನೋಡಿದಾಗ ಈ ದಾರಿಯಲ್ಲಿ ಲೀಟರಿಗೆ ಏಸ್ ಸುಮಾರು 17, ಇಂಟ್ರಾ 14, ಬೊಲೆರೊ 11 ಕಿಲೋಮೀಟರ್ ಕೊಟ್ಟವು. ಮೈಲೇಜು ಒಂದನ್ನೇ ನೋಡಿದರೆ ಏಸ್ ಗೆಲ್ಲಬೇಕು. ಆದರೆ ಸಾವಿರ ಹೆಂಚು ಅಂಗಡಿಗೆ ಬಂದು ಬೀಳಲು ಏಸ್ ಐದು ಸಲಕ್ಕೆ 44 ಲೀಟರ್, ಇಂಟ್ರಾ ಮೂರು ಸಲಕ್ಕೆ 32 ಲೀಟರ್, ಬೊಲೆರೊ ಎರಡು ಸಲಕ್ಕೆ 27 ಲೀಟರ್ ಕುಡಿಯುತ್ತವೆ. ನಾನೂರು ಹೆಂಚಷ್ಟೇ ಸಿಕ್ಕ ದಿನ ಲೆಕ್ಕ ತಿರುಗುತ್ತದೆ: ಇಂಟ್ರಾ ಒಂದೇ ಸಲಕ್ಕೆ ಸುಮಾರು 11 ಲೀಟರಿನಲ್ಲಿ ಕೆಲಸ ಮುಗಿಸುತ್ತದೆ, ಬೊಲೆರೊ ಮೂರರಲ್ಲಿ ಎರಡು ಪಾಲಷ್ಟೇ ತುಂಬಿಕೊಂಡು ಹದಿಮೂರು ಹದಿನಾಲ್ಕು ಲೀಟರ್ ಸುಡುತ್ತದೆ. ಹೀಗಾಗಿ ನಾನೂರರ ಒಳಗಿನ ಖರೀದಿಯೇ ಹೆಚ್ಚಾಗಿರುವವರಿಗೆ ನಾನು ಇಂಟ್ರಾವನ್ನೇ ಹೇಳುತ್ತೇನೆ.

ಗ್ಯಾರೇಜಿನವರು ನಾಲ್ಕನೆಯ ದಾರಿಯೊಂದನ್ನೂ ಸೂಚಿಸಿದ್ದರು: ಹೊಸ ಗಾಡಿಯೇಕೆ, ಇರುವ ಏಸ್‌ಗೇ ಹಿಂದಿನ ಸ್ಪ್ರಿಂಗಿನಲ್ಲಿ ಇನ್ನೆರಡು ಪ್ಲೇಟ್ ಹಾಕಿಸಿ, ಒಂದು ಟನ್ ಹೊರಲಿ ಎಂದು. ಪ್ಲೇಟ್ ಹೆಚ್ಚಿಸಿದರೆ ಗಾಡಿ ಹಿಂದೆ ಕುಸಿಯುವುದು ನಿಲ್ಲುತ್ತದೆ, ನಿಜ. ಆದರೆ 12 ಇಂಚಿನ ಟೈರು, ಆಕ್ಸೆಲ್, ಬ್ರೇಕು ಮೊದಲಿನವೇ ಉಳಿಯುತ್ತವೆ, ಆರ್.ಸಿ.ಯ ಅಂಕಿಯೂ ಬದಲಾಗುವುದಿಲ್ಲ. ಗಾಡಿ ಕುಸಿದು ಕೊಡುತ್ತಿದ್ದ ಎಚ್ಚರಿಕೆಯೊಂದನ್ನು ನಾವೇ ಹಣ ಕೊಟ್ಟು ಮುಚ್ಚಿಸಿದಂತಾಗುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಹೆಚ್ಚುವರಿ ಹೊರೆಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಹೆಚ್ಚಿನ ಸರಕನ್ನು ಇಳಿಸುವ ಖರ್ಚೂ ನಮ್ಮದೇ. ಲೈಸೆನ್ಸಿನ ವಿಷಯದಲ್ಲಿ ಮೂರೂ ಗಾಡಿಗಳು ಒಂದೇ: ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾಗಾಟದ ವಾಹನವನ್ನು ಎಲ್.ಎಂ.ವಿ. (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ.

ನನ್ನ ಖರೀದಿ ಹೆಚ್ಚಾಗಿ ಐನೂರರಿಂದ ಸಾವಿರದ ನಡುವೆ ಇರುವುದರಿಂದ ಬೊಲೆರೊವನ್ನೇ, ಸೆಕೆಂಡ್ ಹ್ಯಾಂಡಿನಲ್ಲಿ, ತೆಗೆದುಕೊಂಡೆ. ಏಸನ್ನು ಮಾರಲಿಲ್ಲ. ಅಡಿಕೆ ತೋಟಗಳ ನಡುವಿನ ಮನೆಗಳಿಗೆ ಹೋಗುವ ದಾರಿಗಳಲ್ಲಿ, ಎರಡೂ ಬದಿ ಅಗಳಿರುವಲ್ಲಿ, ಬೊಲೆರೊ ತಿರುಗಿಸಲು ಅಂಗಳದವರೆಗೂ ಹೋಗಬೇಕು. ಏಸ್ ದಣಪೆಯ (ಬೇಲಿ ಬಾಗಿಲಿನ) ಹತ್ತಿರವೇ ತಿರುಗಿಕೊಳ್ಳುತ್ತದೆ. ಘಾಟಿಯ ಕೆಲಸ ಒಂದಕ್ಕೆ, ತೋಟದ ಕೆಲಸ ಇನ್ನೊಂದಕ್ಕೆ ಎಂದು ಹಂಚಿದ್ದೇನೆ.

ಬೊಲೆರೊದ ತೊಟ್ಟಿಯ ಒಳಬದಿಗೆ ಬಣ್ಣದಲ್ಲಿ ಎರಡು ಗೆರೆ ಎಳೆಸಿದ್ದೇನೆ. ಬಿಳಿ ಗೆರೆ 590 ಒಣ ಹೆಂಚಿನದು, ನೀಲಿ ಗೆರೆ ಮಳೆಗಾಲದ 525 ಹೆಂಚಿನದು. ಯಾರ್ಡಿನಲ್ಲಿ ಲೋಡ್ ಮಾಡುವವರು ನೀಲಿ ಗೆರೆ ತಲುಪಿದಾಗಲೆಲ್ಲ "ಇನ್ನೊಂದ್ ಸಾಲ್ ಹಾಕುದಾ ಮಾರಾಯ್ರೇ, ಜಾಗ ಉಂಟಲ್ಲ" ಎನ್ನುತ್ತಾರೆ. ನಾನು ಟಾರ್ಪಾಲು ಬಿಚ್ಚಲು ಶುರು ಮಾಡುತ್ತೇನೆ.