ಫರ್ಮಿ ಉಪಗ್ರಹವೋ, ಹಾನ್ಲೆಯ ಮೇಸ್ ದೂರದರ್ಶಕವೋ?

ಅತ್ಯಧಿಕ ಶಕ್ತಿಯ ವಿಶ್ವಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಬರುವ ಕಣಗಳು, ವಿದ್ಯುದಾವೇಶ ಹೊತ್ತಿರುವುದರಿಂದ ಕಾಂತಕ್ಷೇತ್ರಗಳಲ್ಲಿ ದಾರಿ ಬಾಗಿ ಬರುತ್ತವೆ; ಆದ್ದರಿಂದ ಅವುಗಳ ಮೂಲವನ್ನು ಹುಡುಕುವವರು ಅದೇ ಮೂಲಗಳಿಂದ ನೇರವಾಗಿ ಬರುವ ಗಾಮಾ ಕಿರಣಗಳ (ಅತಿ ಹೆಚ್ಚು ಶಕ್ತಿಯ ಬೆಳಕಿನ) ಜಾಡು ಹಿಡಿಯುತ್ತಾರೆ. 2008ರಲ್ಲಿ ಉಡಾವಣೆಗೊಂಡ, ಗಾಮಾ ಕಿರಣ ಹಿಡಿಯುವ ಫರ್ಮಿ ಉಪಗ್ರಹ ಸುಮಾರು ಮೂರು ಗಂಟೆಗೊಮ್ಮೆ ಇಡೀ ಆಕಾಶವನ್ನು ನೋಡಿ ಮುಗಿಸುವುದರಿಂದ, ಎತ್ತ ನೋಡಬೇಕೆಂದು ತಿಳಿಯದವರಿಗೆ ಅದೇ ಲೇಸು.

ಲದಾಖಿನ ಹಾನ್ಲೆಯಲ್ಲಿ ಸುಮಾರು 4,270 ಮೀಟರ್ ಎತ್ತರದಲ್ಲಿರುವ ಮೇಸ್, ಗಾಮಾ ಕಿರಣವೊಂದು ವಾಯುಮಂಡಲಕ್ಕೆ ಬಡಿದಾಗ ಕೆಲವೇ ನ್ಯಾನೊಸೆಕೆಂಡು ಮಿನುಗುವ ನೀಲಿ ಚೆರೆಂಕೋವ್ ಬೆಳಕನ್ನು ತನ್ನ 21 ಮೀಟರ್ ವ್ಯಾಸದ ಕನ್ನಡಿಯಲ್ಲಿ ಹಿಡಿಯುತ್ತದೆ. ಆ ಬೆಳಕು ನೆಲದ ಮೇಲೆ ನೂರಾರು ಮೀಟರ್ ಹರಡುವುದರಿಂದ, ಉಪಗ್ರಹದ ಪುಟ್ಟ ಸಂವೇದಕಕ್ಕೆ ದಕ್ಕದಷ್ಟು ವಿರಳವಾದ ಕಿರಣಗಳೂ ಇಲ್ಲಿ ಸಿಗುತ್ತವೆ. ಮೋಡ ಕವಿದರೆ ಮಾತ್ರ ಆ ರಾತ್ರಿ ಹೋದಂತೆಯೇ. ಮೂಲವೊಂದನ್ನು ಆಗಲೇ ಗುರುತಿಸಿಕೊಂಡವರಿಗೆ ನಾನು ಮೇಸ್ ಅನ್ನೇ ಸೂಚಿಸುತ್ತೇನೆ, ಆದರೆ ಆ ಮೂಲ ಬಹುದೂರದ್ದಾಗಿರಬಾರದು, ಏಕೆಂದರೆ ಗ್ಯಾಲಕ್ಸಿಗಳ ನಡುವಿನ ಹಿನ್ನೆಲೆ ಬೆಳಕು ಹೆಚ್ಚು ಶಕ್ತಿಯ ಗಾಮಾ ಕಿರಣಗಳನ್ನು ದಾರಿಯಲ್ಲೇ ನುಂಗಿಬಿಡುತ್ತದೆ.